ಅರ್ಜಿಯಲ್ಲಿದ್ದ ಒಂದು ಪದ

ರಬಾಳೆ,
ಸೋಮವಾರ

ಫಾದರ್ ಸೆರಾವೊ ಅವರಿಗೆ,

ನಮಸ್ಕಾರ ಬರೆಯುವ ಮನಸ್ಸಿಲ್ಲ. ನೀವು ಮಂಗಳೂರಿನವರೆಂದು ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಮ್ಮ ಹೌಸಿಂಗ್ ಸೊಸೈಟಿಯವರು ಇದನ್ನು ಓದಬಾರದು.

ಚಾಳಿನ ಬಾಡಿಗೆ ಕೋಣೆಗಳಿಂದ ಹೊರಹಾಕಿದ ನಾಲ್ಕು ನೇಪಾಳಿ ಕುಟುಂಬಗಳನ್ನು ನೀವು ಚರ್ಚಿನ ಸಭಾಂಗಣದಲ್ಲಿ ಇಟ್ಟುಕೊಂಡಿರಿ. ಈ ಪರಪ್ರಾಂತೀಯರನ್ನು ತೆರವು ಮಾಡಿಸಿ ಎಂದು ಸೊಸೈಟಿಯ ಸೆಕ್ರೆಟರಿಯಾಗಿ ನಾನು ಪೊಲೀಸರಿಗೆ ಮರಾಠಿಯಲ್ಲಿ ಅರ್ಜಿ ಕೊಟ್ಟು, ನಿಮಗೂ ಒಂದು ಪ್ರತಿ ಕಳುಹಿಸಿದೆ. ನೀವು ಅದನ್ನು ಚರ್ಚಿನ ಗೇಟಿನಲ್ಲಿ ನಿಂತು ಎಲ್ಲರೆದುರು ಓದಿದಿರಿ. "ಪರಪ್ರಾಂತೀಯ ಅಂದ್ರೆ ಬೇರೆ ರಾಜ್ಯದವ. ನೇಪಾಳ ರಾಜ್ಯ ಅಲ್ಲ, ದೇಶ. ಹಾಗಾಗಿ ಈ ಅರ್ಜಿಯಲ್ಲಿ ಇರುವುದು ನಾನು, ಮತ್ತೆ ಉಡುಪಿಯ ಧರ್ಮಪಾಲರು" ಎಂದಿರಿ. ಜನ ನನ್ನನ್ನು ನೋಡಿ ನಕ್ಕರು. ಈ ಮರಾಠಿ ನಾಡಿಗೆ ಬಂದು ನಲವತ್ತು ವರ್ಷವಾದ ಮೇಲೆ ಆ ಪದ ನಮಗೆ ಅಂಟುವುದಿಲ್ಲ.

ನಗದೆ ನಿಂತವಳು ನನ್ನ ಅಮ್ಮ ಮೋಹಿನಿ ಒಬ್ಬಳೇ. ಮನೆಗೆ ಬಂದು ದಿಂಬು, ಎರಡು ಸೀರೆ ಚೀಲಕ್ಕೆ ತುಂಬಿಕೊಂಡಳು. "ನೀನೇ ಸಹಿ ಹಾಕಿದ್ದಲ್ವಾ ಮಗಾ? ನಾನೂ ಉಡುಪಿಯವಳೇ, ಹಾಗಾದ್ರೆ ನಾನೂ ಹೊರಡ್ತೇನೆ" ಎಂದವಳು ನಿಮ್ಮ ಸಭಾಂಗಣಕ್ಕೆ ಬಂದು ಕೂತು ಇಂದಿಗೆ ಮೂರು ದಿನ.

ಅವಳನ್ನು ಕೂಡಲೇ ಮನೆಗೆ ಕಳುಹಿಸಿ. ನಾನು ಅರ್ಜಿ ಹಿಂದೆ ಪಡೆಯುವವನಲ್ಲ, ಹೊಸದನ್ನು ಬರೆಯುತ್ತಿದ್ದೇನೆ. ಅವರೆಲ್ಲರಿಗೂ ಅನ್ವಯಿಸಿ ಅಮ್ಮನಿಗೆ ಮಾತ್ರ ಅನ್ವಯಿಸದ ಪದವೊಂದು ಸಿಗಬೇಕು, ಅಷ್ಟೆ.

ಜೊತೆಗೆ ಅವಳ ಬಿಪಿ ಮಾತ್ರೆ ಇಟ್ಟಿದ್ದೇನೆ. ಬೆಳಿಗ್ಗೆ ತಿಂಡಿಯ ನಂತರ ಒಂದು. ನಾನು ಕಳುಹಿಸಿದ್ದೆಂದು ಹೇಳಬೇಡಿ. ಹೇಳಿದರೆ ನುಂಗುವುದಿಲ್ಲ.

ಇತಿ,
ಧರ್ಮಪಾಲ ಸುವರ್ಣ