ಲಿಗಾಯಾ ಮ್ಯಾಮ್ ಹೆಸರಿನ ಪಾನ್ಸಿಟ್

ಲಿಗಾಯಾ ಅಕ್ಕಾ,

ನೀವು ತೀರಿಕೊಂಡು ವರ್ಷವಾಯಿತು. ಓದುವುದಿಲ್ಲವೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ. ಸರ್ಕಾರಿ ನೌಕರರಿಗೆಲ್ಲ ಹೊಸ ವೇತನ ಶ್ರೇಣಿ ಬಂದಿದೆ. ನಮ್ಮ ಶಾಲೆಯ ಶಿಕ್ಷಕರಿಗೆ ಇಂದು ಹೆಚ್ಚಿದ ಸಂಬಳ ಕೈಸೇರಿತು.

ಸಂಬಳ ಹೆಚ್ಚಾದವರು ಉಳಿದವರಿಗೆ ಪಾನ್ಸಿಟ್ ನೂಡಲ್ಸ್ ತಿನ್ನಿಸಬೇಕಲ್ಲ? ಇವತ್ತು ಅದೇ ತಕರಾರಾಯಿತು.

"ಪಾನ್ಸಿಟ್ ಯಾರು ಕೊಡಿಸ್ತೀರಿ?" ಎಂದಳು ಹೊಸ ಶಿಕ್ಷಕಿ ಜೊವೆಲಿನ್.

"ನೀನೇ ಕೊಡ್ಸಮ್ಮ, ನಿಂಗೂ ಹೆಚ್ಚಾಗಿದೆ," ಎಂದರು ಗಣಿತದ ಬೊನಿಫಾಸಿಯೊ ಸರ್.

"ನಿಮಗೇನು ಕಡಿಮೆ ಆಗಿದ್ಯಾ ಸರ್?"

ಎಲ್ಲರೂ ನಕ್ಕರು, ಯಾರೂ ಪರ್ಸ್ ತೆಗೆಯಲಿಲ್ಲ. ಆಗ ಹಿರಿಯರಾದ ಕೊನ್ಸೋರ್ಸಿಯಾ ಮ್ಯಾಮ್, "ಕೊಡಿಸ್ಬೇಕಾದವಳು ಲಿಗಾಯಾ. ಸಂಬಳ ಹೆಚ್ಚಿಸಿ ಅಂತ ಮನಿಲಾದ ಬೀದೀಲಿ ಬಿಸಿಲಿಗೆ ನಿಂತಿದ್ದು ಈ ಶಾಲೆಯಿಂದ ಅವಳೊಬ್ಬಳೇ ತಾನೇ?" ಎಂದರು. ಹಾಗೆನ್ನುವಾಗ ಅವರು ನನ್ನತ್ತ ನೋಡಲಿಲ್ಲ. ಅಂದು ನೀವು ನನ್ನನ್ನೂ ಕರೆದದ್ದು, ನಾನು ಬಾರದೆ ಉಳಿದದ್ದು ಅವರಿಗೆ ಗೊತ್ತು.

"ಅವರ ಹೆಸರಲ್ಲಿ ನಾನು ಕೊಡಿಸ್ತೀನಿ," ಎಂದೆ.

ಮಧ್ಯಾಹ್ನ ಬಿದಿರಿನ ಮೊರದ ತುಂಬ ಪಾನ್ಸಿಟ್ ಬಂತು. ಜೊವೆಲಿನ್ ಮೊದಲು ಬಡಿಸಿಕೊಂಡಳು. ನೀವು ಕೂರುತ್ತಿದ್ದ ಕುರ್ಚಿಯತ್ತ ತಿರುಗಿ, "ಥ್ಯಾಂಕ್ಯೂ, ಲಿಗಾಯಾ ಮ್ಯಾಮ್," ಎಂದಳು. ನಿಮ್ಮನ್ನು ಕಂಡೇ ಇಲ್ಲದ ಹುಡುಗಿ. ಅವಳ ಹಿಂದೆ ನಿಂತವರೂ ಒಬ್ಬೊಬ್ಬರಾಗಿ ಹಾಗೆಯೇ ಹೇಳಿ ತಟ್ಟೆ ಹಿಡಿದರು. ನಿಮ್ಮನ್ನು ಜಗಳಗಂಟಿ ಎನ್ನುತ್ತಿದ್ದ ಹೆಡ್‌ಮಾಸ್ಟರ್ ಕೂಡ ಹೇಳಿದರು, ಅದೂ ಎಲ್ಲರಿಗೂ ಕೇಳಿಸುವಂತೆ. ಹೆಮ್ಮೆಯಿಂದ ನನ್ನ ಎದೆ ತುಂಬಿ ಬಂತು, ಅಕ್ಕಾ.

ಸಾಲಿನಲ್ಲಿ ನಾನು ಕೊನೆಯವಳು. ನನ್ನ ಸರದಿ ಬಂದಾಗ ನಾನೂ ಹೇಳಿದೆ, ಆದರೆ ಯಾರಿಗೂ ಕೇಳಿಸದಂತೆ, ತುಟಿಯಲ್ಲೇ.