ತೇಲಿದ್ದನ್ನೆಲ್ಲ ಚೆಲ್ಲಿದ ದೊಡ್ಡಮ್ಮನಿಗೆ

ಮಾಡದಕೆರೆಯ ನನ್ನ ದೊಡ್ಡಮ್ಮನಿಗೆ, ಹೊಸದುರ್ಗದಿಂದ ನಿನ್ನ ತಂಗಿಯ ಮಗಳು ವನಜ ಬರೆಯುವುದು.

ಮೊದಲ ಸಲ ನಮ್ಮ ಶೆಡ್ಡಿಗೆ ಬಂದಾಗ ನೀನು ಮೂಟೆಯಿಂದ ಒಂದು ಹಿಡಿ ಬೂದು ಪುಡಿ ಎತ್ತಿ, ಇದು ಮರಳಲ್ಲವೇ ಎಂದು ಕೇಳಿದ್ದೆ. ಜ್ವಾಲಾಮುಖಿಯ ಲಾವಾ ಬೇಗ ತಣಿದು ಗಾಜಾದ ಕಲ್ಲಿನ ಪುಡಿ ಇದು, ಹೊರದೇಶದ್ದು, ಒಳಗೆ ಚೂರು ನೀರು ಸಿಕ್ಕಿಕೊಂಡಿರುತ್ತದೆ ಎಂದು ವಿವರಿಸಿದೆ. ಕುಲುಮೆಯ ಉರಿಗೆ ಗಾಜು ಮೆತ್ತಗಾಗುತ್ತದೆ, ನೀರು ಆವಿಯಾಗಿ ಅದನ್ನು ಉಬ್ಬಿಸುತ್ತದೆ. ಹಿಟ್ಟಿನಷ್ಟು ಸಣ್ಣ, ಒಳಗೆ ಟೊಳ್ಳಾದ ಬಿಳಿ ಗುಂಡುಗಳಾಗುತ್ತವೆ. ಗೋಡೆಗೆ ಬಳಿಯುವ ಪುಟ್ಟಿಗೆ ಬೆರೆಸಿದರೆ ಅದು ಹಗುರವಾಗುತ್ತದೆ. "ಟೊಳ್ಳು ಮಾರಾಕೆ ಇಷ್ಟು ಬೆಂಕಿನಾ?" ಅಂದಿದ್ದು ನೀನು.

ಸ್ಯಾಂಪಲ್ ಕಳಿಸಬೇಕಿದ್ದ ದಿನ ಕೆಲಸದವರು ಸಾಲದೆ ನಿನ್ನನ್ನೂ ಕರೆಸಿದ್ದೆ. ಪುಟ್ಟಿ ಕಂಪನಿಯವರು ಒಪ್ಪದಿದ್ದರೆ ಶೆಡ್ಡಿಗೆ ಬೀಗವೇ ಗತಿ. ಸುಟ್ಟು ಬಂದದ್ದನ್ನು ನೀರಿನಲ್ಲಿ ಬೇರೆ ಮಾಡು ಎಂದಷ್ಟೇ ಹೇಳಿ, ಫೋನ್ ಬಂತೆಂದು ಹೊರಗೆ ಹೋದೆ. ಬಿತ್ತನೆ ಕಾಳು ನೀರಿಗೆ ಹಾಕಿ, ತೇಲಿದ್ದನ್ನು ಎಸೆದು ಮುಳುಗಿದ್ದನ್ನು ಇಟ್ಟುಕೊಂಡೇ ಬೆಳೆದ ಕೈ ನಿನ್ನದು. ಇನ್ನೇನು ಮಾಡುತ್ತಿದ್ದೆ ನೀನು? ವಾಪಸು ಬಂದಾಗ ಶೆಡ್ಡಿನ ಪಕ್ಕದ ಬೇವಿನ ಮರದ ಬುಡವೆಲ್ಲ ಬೆಳ್ಳಗಿತ್ತು.

"ಜೊಳ್ಳೆಲ್ಲ ಚೆಲ್ಲೀನಿ ಕಣೇ. ಗಟ್ಟಿದು ತಟ್ಟೇಲಿ ಒಣಗಾಕೀನಿ."

ಕುಲುಮೆ ನೋಡಿಕೊಳ್ಳುವ ರುದ್ರಣ್ಣ, "ಅಮ್ಮಾ, ನಮ್ಮಲ್ಲಿ ತೇಲಿದ್ರೇನೇ ಮಾಲು, ಮುಳುಗಿದ್ದು ವೇಸ್ಟು ಕಣ್ರಿ" ಎಂದು ನಕ್ಕ. ನೀನು ನಗಲಿಲ್ಲ. ಊರಿನ ಬಸ್ಸು ಹತ್ತುವಾಗ ಕೇಳಿದೆ: "ನನ್ನಿಂದ ನಿನ್ನ ಯಾಪಾರ ಕೆಡ್ತೇನೇ?"

ನೀನು ಹೋದ ಮೇಲೆ ತಟ್ಟೆ ಎತ್ತಿಡಲು ಹೋಗಿ ರುದ್ರಣ್ಣ ನಿಂತುಬಿಟ್ಟ. ಮುಳುಗಿದ್ದನ್ನು ನಾವು ಯಾವತ್ತೂ ಒಣಗಿಸಿ ನೋಡಿದವರಲ್ಲ, ಹಾಗೇ ಚರಂಡಿಗೆ ಬಿಡುತ್ತಿದ್ದೆವು. ಈಗ ನೋಡಿದರೆ ತಟ್ಟೆಯ ತುಂಬ ಒಡೆದ ಗುಂಡುಗಳ ಚೂರು. ಕಲ್ಲಿನಲ್ಲಿ ನೀರು ಹೆಚ್ಚಾಗಿ, ಉಬ್ಬಬೇಕಾದವು ಸಿಡಿದುಹೋಗಿದ್ದವು. ಮರುದಿನ ಪುಡಿಯನ್ನು ಮೊದಲು ಸಣ್ಣ ಕಾವಿನಲ್ಲಿ ಒಣಗಿಸಿ ಆಮೇಲೆ ಉರಿಗೆ ಬಿಟ್ಟೆವು. ಈ ಸಲ ಹೆಚ್ಚುಪಾಲು ನೀರಿನ ಮೇಲೆ ಕೆನೆ ಕಟ್ಟಿದ ಹಾಗೆ ತೇಲಿತು. ಒಂದು ದಿನ ತಡವಾದರೂ ಅದನ್ನೇ ಕಳಿಸಿದೆವು. ಉತ್ತರ ಬಂದ ಮೇಲೆ ಎಲ್ಲ ಒಟ್ಟಿಗೇ ಹೇಳೋಣ ಎಂದುಕೊಂಡಿದ್ದೆ. ಅಷ್ಟರಲ್ಲಿ ನೀನು ಕಣ್ಣು ಮುಚ್ಚಿಬಿಟ್ಟೆ.

ಸ್ಯಾಂಪಲ್ ಪಾಸಾಯಿತು ದೊಡ್ಡಮ್ಮ. ಮೊದಲ ಲೋಡು ಹೋಗಿದೆ, ಎರಡನೆಯದಕ್ಕೆ ಕುಲುಮೆ ಉರಿಯುತ್ತಿದೆ. ನಿನ್ನ ಸೊಸೆ ಭಾಗ್ಯ ಸೋಮವಾರದಿಂದ ಇಲ್ಲೇ ಕೆಲಸಕ್ಕೆ ಬರುತ್ತಿದ್ದಾಳೆ. ಈ ಸಲ ಎದುರಿಗೇ ಕೂತು, ತೇಲಿದ್ದನ್ನು ಇಟ್ಟುಕೋ, ಮುಳುಗಿದ್ದನ್ನು ಬಿಡು ಎಂದು ಬಿಡಿಸಿ ಹೇಳಿದೆ.

"ಎಲ್ಡೂ ಇಟ್ಕಳಾಣ ಬಿಡಕ್ಕ," ಎಂದಳು, "ಏನೈತೆ ಅಂತ ನೋಡ್ದಂಗಾಗ್ತೈತೆ."