ನೀರು ದಿಬ್ಬ ಹತ್ತುತ್ತಾ ಸಾರ್?

ಗಂಗೀ, ನನ್ನ ಜಗಳಗಂಟಿ ಗೆಳತೀ,

ಈ ಸಲವೂ ಅದೇ ಪ್ರಶ್ನೆ ಬಂತು ಕಣೇ. ಓದುತ್ತಿದ್ದಂತೆ ನಿನ್ನ ಮೇಲೆ ಎಷ್ಟು ಸಿಟ್ಟು ಬಂತು ಗೊತ್ತಾ? ಕಾಮಾಲೆ ಬಂದವಳು ಪಥ್ಯ ಮಾಡಿಕೊಂಡು ಮನೆಯಲ್ಲಿ ಬಿದ್ದಿರಬೇಕೋ, ಹೀಗೆ ನಮ್ಮನ್ನೆಲ್ಲ ಬಿಟ್ಟು, ಮತ್ತೆ ಬಾರದ ಹಾಗೆ ಹೊರಟೇ ಹೋಗಬೇಕೋ? ಎದುರಿಗೆ ಬೈಯೋಣವೆಂದರೆ ನೀನಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವರ್ಷದ ಸ್ಪರ್ಧೆ ನೆನಪಿದೆಯಲ್ಲ? ಕೃಷಿ ಡಿಪ್ಲೊಮಾ ಓದುವವರೆಲ್ಲ ತಿಪಟೂರಿನಲ್ಲಿ ಸೇರಿದ್ದೆವು. ಬೆಳಿಗ್ಗೆ ಆಹಾರ ವಿಭಾಗ. ಕೊಬ್ಬರಿ ಚೂರುಗಳನ್ನು ಮೂಸಿ, ಕಮಟಾಗಿರುವುದು ಯಾವುದೆಂದು ಹೇಳಬೇಕಿತ್ತು. ನೀನು ಮೂಸುವ ಬದಲು ಒಂದನ್ನು ಬಾಯಿಗೇ ಹಾಕಿಕೊಂಡು, "ಚೆನ್ನಾಗೈತೆ ಕಣೇ, ಬೆಲ್ಲ ಇದ್ರೆ ಕೊಡು" ಅಂದೆ. ನಗು ತಡೆಯಲಾಗದೆ ನಾನು ಮೇಜಿನ ಕೆಳಗೆ ಬಗ್ಗಿದೆ.

ಮಧ್ಯಾಹ್ನ ಮಣ್ಣಿನ ಗುಂಡಿ. ಕಂದಿಕೆರೆ ಕಡೆ, ದಿಬ್ಬದ ಮೇಲಿನ ತೆಂಗಿನ ತೋಟದಲ್ಲಿ ಆಳುದ್ದ ತೋಡಿದ್ದರು. ಕೆಳಗೆಲ್ಲ ಕೆಂಪು ಗರಸು, ಮೇಲೆ ಮೊಳದಷ್ಟು ಕಪ್ಪು ಮಣ್ಣು. ಆ ಕಪ್ಪು ಮಣ್ಣು ಅಲ್ಲಿಯ ಕಲ್ಲೇ ಪುಡಿಯಾಗಿ ಆದದ್ದೋ, ನೀರು ತಂದದ್ದೋ, ಗಾಳಿ ತಂದದ್ದೋ, ಗುರುತು ಹಾಕಿ ಎಂದಿದ್ದರು. ನೀನು ಮೂರನ್ನೂ ಹೊಡೆದುಹಾಕಿ, "ಜನ ತಂದದ್ದು, ಕೆರೆಯ ಗೋಡುಮಣ್ಣು" ಎಂದು ಬರೆದೆ.

"ನೀರು ತಂದದ್ದು ಅನ್ನೋದೇ ಸರಿ ಉತ್ತರ" ಅಂದರು ತೀರ್ಪುಗಾರರು. ನೀನು ಬಿಟ್ಟೆಯಾ? "ನೀರು ದಿಬ್ಬ ಹತ್ತುತ್ತಾ ಸಾರ್? ಬ್ಯಾಸ್ಗೇಲಿ ಕೆರೆ ಒಣಗ್ದಾಗ ನಮ್ಮೋರು ಹೂಳು ತೆಗ್ದು, ಗಾಡೀಲಿ ಹೇರ್ಕಂಡು ಬಂದು ತೆಂಗಿನ ಬುಡಕ್ಕೆ ಹಾಕಿರೋದು." ಅಂಕ ಹೋಯ್ತು. ಮೊದಲ ಸ್ಥಾನವೂ ಹೋಯ್ತು, ರಾಜ್ಯಮಟ್ಟಕ್ಕೆ ಹೋಗುವ ಅವಕಾಶವೂ ಹೋಯ್ತು. ಬಸ್ಸಿನಲ್ಲಿ ತಂಡದವರೆಲ್ಲ ಮುಖ ಊದಿಸಿಕೊಂಡು ಕೂತಿದ್ದರೆ, ನೀನು ಕಿಟಕಿ ಪಕ್ಕ ಆರಾಮಾಗಿ ಕಡಲೆಕಾಯಿ ತಿನ್ನುತ್ತಿದ್ದೆ.

ಈ ಸಲ ಹೊರಡುವಾಗಲೇ ನಮ್ಮ ಕಾಲೇಜಿನ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. "ಅವಳ ಥರ ಹಠ ಮಾಡ್ಬೇಡ ಕಣಮ್ಮ. ಅವರಿಗೆ ಬೇಕಾದ್ದು ಬರಿ, ಗೆದ್ದು ಬಾ." ಗೆಲ್ಲುವ ಆಸೆ ನನಗಿರಲಿಲ್ಲವೇ? ಇತ್ತು. ಅದೇ ತೋಟ, ಅದೇ ಕಪ್ಪು ಪದರ. "ನೀರು ತಂದದ್ದು" ಎಂಬಲ್ಲಿ ಪೆನ್ನು ಇಟ್ಟೆ. ಅಷ್ಟರಲ್ಲಿ ಆ ಕಪ್ಪು ಪದರದೊಳಗೆ ಬೆಳ್ಳಗೆ ಏನೋ ಕಂಡಿತು. ಕೆರೆಯ ಬಸವನಹುಳುವಿನ ಚಿಪ್ಪು! ಅಷ್ಟು ಎತ್ತರಕ್ಕೆ ಅದೇನು ತಾನಾಗಿ ನಡೆದುಕೊಂಡು ಬಂತೇ... ನೀನಿದ್ದಿದ್ದರೆ ಗುಂಡಿಯಲ್ಲೇ ಕುಣಿಯುತ್ತಿದ್ದೆ.

ಮೂರನ್ನೂ ಹೊಡೆದುಹಾಕಿದೆ. ನಿನ್ನ ಮಾತನ್ನೇ ಬರೆದೆ. ಹಾಳೆಯ ಮೇಲೆ ಚಿಪ್ಪನ್ನಿಟ್ಟು ಅದೇ ತೀರ್ಪುಗಾರರ ಮುಂದೆ ನಿಂತೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಕೊಟ್ಟಿರೋ ಮೂರರಲ್ಲಿ ಇಲ್ಲದ ಉತ್ತರಕ್ಕೆ ಅಂಕ ಕೊಡೋಕಾಗಲ್ಲಮ್ಮ."

"ಕೊಡಬ್ಯಾಡಿ ಸಾರ್. ಆದ್ರೆ ನೀರು ಅಂತ ನನ್ ಕೈಲಿ ಬರ್ಸಬ್ಯಾಡಿ."

ಮಾತು ಮಾತ್ರ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ ಕಣೇ.

ಮತ್ತೆ ಎರಡನೇ ಸ್ಥಾನ. ನನಗೆ ಒಂಚೂರೂ ನಾಚಿಕೆಯಿಲ್ಲ. ಮುಂದಿನ ವರ್ಷದ ತಂಡಕ್ಕೆ ನಾನೇ ಹೋಗಿ ಕಲಿಸುತ್ತೇನೆ. ಅವರೂ ಇದನ್ನೇ ಬರೆಯುತ್ತಾರೆ. ಎಷ್ಟು ಸಲ ಅಂಕ ಕಳೆಯುತ್ತಾರೋ ಕಳೆಯಲಿ, ನೋಡೇಬಿಡೋಣ.

ಇನ್ನೊಂದು ಹೇಳುವುದಿದೆ. ಬಹುಮಾನ ಕೊಟ್ಟಾದ ಮೇಲೆ ನಮ್ಮ ಹಾಳೆಗಳನ್ನು ವಾಪಸ್ ಕೊಟ್ಟರು, ಚಿಪ್ಪು ಕೊಡಲಿಲ್ಲ. ಕೇಳೋಣವೆಂದು ಹೋದರೆ, ಆ ತೀರ್ಪುಗಾರರು ಅದನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು ಕಣೇ.